ಎಡಬಾಗಿಲಿನ ಬೀಗ

ನಂಜನಗೂಡಿನ ಸ್ನಾನಘಟ್ಟದಲ್ಲಿ ಮೂರನೆಯ ಸಲ ಮುಳುಗಿ ಎದ್ದಾಗ ಪಂಚೆಯ ಅಂಚಿನ ಗಂಟು ಬಿಚ್ಚಿಕೊಂಡಿತ್ತು. ಕಾರಿನ ಕೀ ಇದ್ದದ್ದು ಆ ಗಂಟಿನಲ್ಲಿ. 2019ರ ಕಾರ್ತೀಕ ಸೋಮವಾರ, ಕಪಿಲೆಯಲ್ಲಿ ನೀರು ಚೆನ್ನಾಗಿಯೇ ಇತ್ತು. ಪಕ್ಕದಲ್ಲಿ ಈಜುತ್ತಿದ್ದ ಇಬ್ಬರು ಹುಡುಗರು ನನ್ನ ಮುಖ ನೋಡಿ ತಾವಾಗಿಯೇ ಮುಳುಗು ಹಾಕಿದರು. ಬಳೆಚೂರು ಬಂತು, ಒಂದೆರಡು ನಾಣ್ಯ ಬಂತು, ಯಾರದೋ ಕಾಲುಂಗುರವೂ ಬಂತು. ಕೀ ಬರಲಿಲ್ಲ. ಒದ್ದೆಬಟ್ಟೆಯಲ್ಲೇ ದಡ ಹತ್ತಿ ನಾನೂ ನನ್ನ ಹೆಂಡತಿಯೂ ಕಾರಿನ ಹತ್ತಿರ ಬಂದೆವು. ಒಣಬಟ್ಟೆ, ಪರ್ಸು, ಫೋನು, ಅವಳ ಬಿ.ಪಿ. ಮಾತ್ರೆ ಎಲ್ಲ ಒಳಗೆ. ಕಾರು 2008ರ ಮಾಡೆಲ್. 2014ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಾಗ ಹಳೇ ಮಾಲೀಕರು ಕೊಟ್ಟಿದ್ದು ಒಂದೇ ಕೀ. ಇನ್ನೊಂದು ಮನೆಯಲ್ಲೇ ಎಲ್ಲೋ ಇದೆ, ಹುಡುಕಿ ಕಳಿಸ್ತೀನಿ ಅಂದಿದ್ದರು. ಐದು ವರ್ಷ ಕಳೆದಿತ್ತು.

ನಾನು ಮೂವತ್ತೊಂದು ವರ್ಷ ಐ.ಟಿ.ಐ.ಯಲ್ಲಿ ಫಿಟ್ಟರ್ ವಿಭಾಗದ ಮೇಷ್ಟ್ರಾಗಿದ್ದವನು. ಹೊಸದಾಗಿ ಸೇರಿದ ಹುಡುಗರ ಕೈಗೆ ನಾವು ಮೊದಲು ಕೊಡುವುದು ಅರ. ಕಬ್ಬಿಣದ ತುಂಡೊಂದನ್ನು ವೈಸಿಗೆ ಕಚ್ಚಿಸಿ, ಆರೂ ಮುಖ ಮಟ್ಟವಾಗುವವರೆಗೆ ವಾರಗಟ್ಟಲೆ ಉಜ್ಜಿಸುತ್ತೇವೆ. ಬೊಬ್ಬೆ ಎದ್ದು, ಒಡೆದು, ಅಂಗೈ ಗಟ್ಟಿಯಾದ ಮೇಲೆ ಕೈಗೆ ಮಟ್ಟ ಬರುತ್ತದೆ. ಲೋಹವನ್ನು ಬರಿಗೈಯಲ್ಲಿ ಕೂದಲೆಳೆಯ ಅಳತೆಗೆ ತರುವುದು ಏನೆಂದು ಬಲ್ಲವನಾದ್ದರಿಂದ, ರಸ್ತೆ ಬದಿಯಲ್ಲಿ ಕುಳಿತು ಕೀ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ಆ ದಿನ ನಂಜನಗೂಡಿನಲ್ಲಿ ನೆನಪಾದದ್ದೂ ಅವರೇ.

ನಮ್ಮ ಕಡೆ ಅದಕ್ಕೆ ಬೀಗದ ಕೈ ಅನ್ನುತ್ತಾರೆ. ಉತ್ತರ ಕರ್ನಾಟಕದವರಿಗೆ ಬೀಗವೇ ಕೀಲಿ, ಅದನ್ನು ತೆಗೆಯುವುದು ಕೀಲಿಕೈ. ಚಾವಿ ಅಂತಲೂ ಅನ್ನುತ್ತಾರೆ. ಹೇಗೆ ಕರೆದರೂ ಬೀಗಕ್ಕೊಂದು ಕೈ ಇದೆ. ಹಾಸನದ ನಮ್ಮ ಅಜ್ಜಿಯ ಸೊಂಟದಲ್ಲಿ ಗೇಣುದ್ದದ ಕಬ್ಬಿಣದ ಕೀ ತೂಗುತ್ತಿತ್ತು. ಅದು ಕಣಜದ ಕೋಣೆಯದು, ಊರಿನ ಕಮ್ಮಾರನೇ ಬಡಿದು ಕೊಟ್ಟದ್ದು. ಜೇಬಿನಲ್ಲಿಡುವಂಥ ಚಪ್ಪಟೆ ಕೀ ಬಂದದ್ದು ಅಮೆರಿಕದ ಲೈನಸ್ ಯೇಲ್ ಎಂಬಾತನ ಕೈಚಳಕದಿಂದ. ಅವನು 1861ರಲ್ಲೂ 1865ರಲ್ಲೂ ಪಡೆದ ಪೇಟೆಂಟುಗಳಿಂದಾಗಿ ಕೀ ಎನ್ನುವುದು ಹಲ್ಲು ಕತ್ತರಿಸಿದ ತಗಡಾಯಿತು. ನಮ್ಮ ದೇಶದಲ್ಲಿ ಅರ್ದೇಶಿರ್ ಗೋದ್ರೇಜ್ 1897ರಲ್ಲಿ ಮುಂಬೈಯಲ್ಲಿ ಬೀಗ ತಯಾರಿಸಲು ಶುರು ಮಾಡಿದರು. ಮನೆಗೆ, ಬೀರುವಿಗೆ ಬಂದ ಆ ಚಪ್ಪಟೆ ಕೀ ಕಾರಿಗೂ ಬಂತು. ಕಾರಿನಲ್ಲಿ ಅದಕ್ಕೆ ಸಿಕ್ಕ ಕೆಲಸ ಮಾತ್ರ ಬೇರೆ.

ಮೊದಮೊದಲ ಕಾರುಗಳನ್ನು ಚಾಲೂ ಮಾಡಲು ಕೀ ಬೇಕಿರಲಿಲ್ಲ, ತೋಳಿನ ಬಲ ಬೇಕಿತ್ತು. ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಆ ಕಷ್ಟ ತಪ್ಪಿತು. ಆಮೇಲೂ ಬಹಳ ಕಾಲ ಕೀ ಮಾಡುತ್ತಿದ್ದುದು ಕರೆಂಟ್ ಹರಿಸುವ ಕೆಲಸ ಮಾತ್ರ. ಕೀ ತಿರುಗಿಸಿದ ಮೇಲೆ ಬೇರೆ ಗುಂಡಿ ಒತ್ತಬೇಕು, ಇಲ್ಲವೇ ನಾಬ್ ಎಳೆಯಬೇಕು. ಕೀ ತಿರುಗಿಸಿದ ಕೂಡಲೇ ಎಂಜಿನ್ ಹೊತ್ತಿಕೊಳ್ಳುವ ಏರ್ಪಾಡನ್ನು ಕ್ರೈಸ್ಲರ್ ಕಂಪನಿ ತಂದದ್ದು 1949ರಲ್ಲಿ. ಅದಕ್ಕೂ ಸ್ವಲ್ಪ ಮೊದಲು, ಎರಡನೇ ಮಹಾಯುದ್ಧದ ನಡುವೆ, ಅಮೆರಿಕದ ಸೇನೆ ಜೀಪುಗಳಿಂದ ಕೀಯನ್ನೇ ತೆಗೆದುಹಾಕಿ ಅದರ ಜಾಗಕ್ಕೆ ತಿರುಗಿಸುವ ಸ್ವಿಚ್ ಕೂರಿಸಿತ್ತು. ರಣರಂಗದಲ್ಲಿ ಯಾರ ಕೈಗೆ ಸಿಕ್ಕರೂ ಗಾಡಿ ಹೊರಡಬೇಕಲ್ಲ.

ಅಪ್ಪ ಹಾಸನದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ಅಂಬಾಸಿಡರ್. ಉತ್ತರಪಾರಾದಲ್ಲಿ 1957ರಿಂದ ತಯಾರಾಗತೊಡಗಿ 2014ರಲ್ಲಿ ನಿಂತ ಆ ಕಾರಿನ ಒಂದು ಹಳೇ ಮಾರ್ಕು ಅವರದು. ಕೀ ತಿರುಗಿಸಿ, ನಾಬ್ ಎಳೆದು, ಮಾರ್ಗಶಿರದ ಚಳಿಯಲ್ಲಿ ಅದೂ ಸಾಲದಾದರೆ ಡಿಕ್ಕಿಯಿಂದ ಹ್ಯಾಂಡಲ್ ತೆಗೆದು ನನ್ನ ಕೈಗೆ ಕೊಡುತ್ತಿದ್ದರು. ಇಪ್ಪತ್ತು ವರ್ಷ ತಿರುಗಿ ತಿರುಗಿ ಆ ಬೀಗ ಎಷ್ಟು ಸವೆದಿತ್ತೆಂದರೆ ಸ್ಟ್ಯಾಂಡಿನ ಇನ್ನೊಬ್ಬರ ಕಾರಿನ ಕೀಗೂ ಅದು ತಿರುಗುತ್ತಿತ್ತು. ಅಪ್ಪನಿಗೆ ಜ್ವರ ಬಂದ ದಿನ ಪಕ್ಕದ ಗಾಡಿಯವರು ತಮ್ಮ ಕೀ ಹಾಕಿಯೇ ನಮ್ಮ ಕಾರನ್ನು ಮನೆಗೆ ತಂದು ಬಿಟ್ಟಿದ್ದುಂಟು. ಸ್ಟ್ಯಾಂಡಿನಲ್ಲಿ ಅದನ್ನು ಯಾರೂ ತಪ್ಪಾಗಿ ತಿಳಿಯುತ್ತಿರಲಿಲ್ಲ. ಕಾರು ಯಾರದೆಂದು ಊರಿಗೆಲ್ಲ ಗೊತ್ತಿತ್ತು.

ಕೀಗೆ ಒಂದು ಗೌರವ ಬಂದದ್ದು ಮಾರುತಿ ಕಾಲದಲ್ಲಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಯನ್ನು ದೆಹಲಿಯ ಹರ್‌ಪಾಲ್ ಸಿಂಗ್ ಅವರ ಕೈಗಿಟ್ಟರು. ಹರ್‌ಪಾಲ್ ಸಿಂಗ್ ಇಂಡಿಯನ್ ಏರ್‌ಲೈನ್ಸಿನ ನೌಕರರು. ಸಂಬಳದ ಮನುಷ್ಯನ ಕೈಗೂ ಕಾರಿನ ಕೀ ಬರುತ್ತದೆ ಅಂತ ಅವತ್ತು ದೇಶಕ್ಕೆ ಕಂಡಿತು. ನನಗೆ ಆ ದಿನ ಬರಲು ಇನ್ನೂ ಹದಿನೈದು ವರ್ಷ ಹಿಡಿಯಿತು. 1998ರಲ್ಲಿ ಏಳು ವರ್ಷ ಹಳೆಯ ಒಂದು ಮಾರುತಿ 800 ಕೊಂಡೆ. ಮರುವರ್ಷ ಅದರ ಕೀ ಮುರಿಯಿತು. ತಲೆಭಾಗ ಕೈಯಲ್ಲಿ, ಉಳಿದದ್ದು ಇಗ್ನಿಷನ್ನಿನೊಳಗೆ.

ಮೈಸೂರಿನ ಚಿಕ್ಕ ಗಡಿಯಾರದ ಹತ್ತಿರ ಒಂದು ಕಪ್ಪು ಕೊಡೆ, ಅದರ ಕೆಳಗೆ ಒಂದು ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ತಂತಿಗೆ ಪೋಣಿಸಿದ ನೂರಾರು ಕೀಗಳು. ಅಲ್ಲಿ ಕೂರುತ್ತಿದ್ದವರನ್ನು ಎಲ್ಲರೂ ಭಾಯ್ ಅಂತಲೇ ಕರೆಯುತ್ತಿದ್ದರು. ಈ ಕೆಲಸದಲ್ಲಿ ಇನ್ನೂ ಎಷ್ಟೋ ಜನ ಇದ್ದಾರೆ. ಕೀಗಳ ದೊಡ್ಡ ಬಳೆಯನ್ನು ಝಣಝಣ ಅನ್ನಿಸುತ್ತ ಸೈಕಲ್ಲಿನಲ್ಲಿ ಬೀದಿ ಸುತ್ತುವ ಸಿಕ್ಲಿಗರ್ ಸಿಖ್ಖರನ್ನು ಉತ್ತರ ಕರ್ನಾಟಕದವರು ಚೆನ್ನಾಗಿ ಬಲ್ಲರು. ಅವರ ಹಿರೀಕರು ಸಿಖ್ ಗುರುಗಳಿಗೆ ಆಯುಧ ಮಾಡಿಕೊಡುತ್ತಿದ್ದ ಕಮ್ಮಾರರು. ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಕೈ ಕೀಗೆ ಹಲ್ಲು ಕೊರೆಯಲು ಕಲಿಯಿತು.

ಭಾಯ್ ನನ್ನ ಜೊತೆ ಮನೆಗೆ ಬಂದರು. ಮುರಿದ ತುಂಡನ್ನು ಗರಗಸದ ಸಣ್ಣ ಅಲಗಿನಿಂದ ಎಳೆದು ತೆಗೆದರು. ಎರಡೂ ತುಂಡು ಜೋಡಿಸಿ ಹಾಗೇ ನಕಲು ಮಾಡಿ ಅಂದೆ. ಅವರು ತಲೆಯಾಡಿಸಿದರು.

“ಬೇಡ ಮೇಷ್ಟ್ರೇ. ಇದು ಸವೆದಿರೋ ಕೀ. ಇದನ್ನೇ ಕಾಪಿ ಹೊಡೆದ್ರೆ ಸವೆತಾನೂ ಕಾಪಿ ಆಗ್ತದೆ.”

ಇದೇ ಮಾತನ್ನು ನಾನು ವರ್ಷಾನುವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಮಾದರಿ ತುಂಡಿನಿಂದ ಅಳತೆ ತೆಗೆಯಿರಿ. ಪಕ್ಕದವನು ಮಾಡಿದ ತುಂಡಿನಿಂದ ತೆಗೆಯಬೇಡಿ, ಅವನ ತಪ್ಪಿಗೆ ನಿಮ್ಮ ತಪ್ಪೂ ಸೇರುತ್ತದೆ ಅಂತ. ಭಾಯ್ ಡ್ರೈವರ್ ಕಡೆಯ ಬಾಗಿಲನ್ನೂ ಬಿಟ್ಟು ಸುತ್ತು ಹಾಕಿ ಎಡಬಾಗಿಲಿಗೆ ಹೋದರು. ಎಡಬಾಗಿಲನ್ನು ಹೊರಗಿನಿಂದ ಕೀ ಹಾಕಿ ತೆಗೆಯುವವರು ಕಡಿಮೆ. ಡ್ರೈವರ್ ಒಳಗಿನಿಂದಲೇ ಕೈಚಾಚಿ ಗುಂಡಿ ಎತ್ತುತ್ತಾನೆ. ಆದ್ದರಿಂದ ಆ ಬೀಗದ ಒಳಭಾಗ ಕಂಪನಿಯಿಂದ ಬಂದ ಹಾಗೆಯೇ ಇರುತ್ತದೆ. ಕಾರಿನಲ್ಲಿ ಸವೆಯದೆ ಉಳಿದ ಮಾದರಿ ತುಂಡು ಅದು.

ಕಾರಿನ ಬೀಗದೊಳಗೆ ತೆಳುವಾದ ಹಿತ್ತಾಳೆ ಬಿಲ್ಲೆಗಳು ಸಾಲಾಗಿ ನಿಂತಿರುತ್ತವೆ, ಒಂದೊಂದಕ್ಕೂ ಒಂದು ಸಣ್ಣ ಸ್ಪ್ರಿಂಗು. ಬಿಲ್ಲೆಯ ನಡುವೆ ಕಿಂಡಿ. ಕಿಂಡಿಯ ಎತ್ತರ ಒಂದರಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ. ವ್ಯತ್ಯಾಸ ಹೆಚ್ಚೇನಲ್ಲ, ಅರ್ಧ ಮಿಲಿಮೀಟರಿನ ಆಸುಪಾಸು. ಸರಿಯಾದ ಕೀ ಒಳಗೆ ಹೋದರೆ ಬಿಲ್ಲೆಗಳೆಲ್ಲ ಸಿಲಿಂಡರಿನ ಮೈಮಟ್ಟಕ್ಕೆ ಬಂದು ನಿಲ್ಲುತ್ತವೆ, ಸಿಲಿಂಡರ್ ತಿರುಗುತ್ತದೆ. ಒಂದು ಬಿಲ್ಲೆ ಹೊರಕ್ಕೆ ಚಾಚಿಕೊಂಡರೂ ತಿರುಗದು.

ಭಾಯ್ ಹಲ್ಲು ಕತ್ತರಿಸದ ಒಂದು ಹಿತ್ತಾಳೆ ಕೀಯನ್ನು, ಅಂದರೆ ಬ್ಲ್ಯಾಂಕನ್ನು, ಇಕ್ಕಳದಲ್ಲಿ ಹಿಡಿದು ಮೇಣದಬತ್ತಿಯ ಹೊಗೆಗೆ ಒಡ್ಡಿದರು. ಅಂಚು ಕಾಡಿಗೆಯಂತೆ ಕಪ್ಪಾಯಿತು. ಅದನ್ನು ಬೀಗಕ್ಕೆ ತೂರಿಸಿ, ತಿರುಗಿಸುವಷ್ಟಲ್ಲ, ತಿರುಗಲು ಹೊರಟಷ್ಟು ಬಿಗಿ ಕೊಟ್ಟು ಮೇಲೆ ಕೆಳಗೆ ಅಲ್ಲಾಡಿಸಿ ಹೊರಗೆ ತೆಗೆದರು. ಕಪ್ಪಿನ ಮೇಲೆ ಸಾಸಿವೆಗಿಂತ ಸಣ್ಣ ಎರಡು ಹೊಳೆಯುವ ಚುಕ್ಕೆ. ಬಿಲ್ಲೆ ತಡೆಯುತ್ತಿರುವ ಜಾಗ ಅದು. ವೈಸೂ ಇಲ್ಲ, ಮೇಜೂ ಇಲ್ಲ. ಎಡಗೈಯ ಇಕ್ಕಳವನ್ನು ಮಂಡಿಗೆ ಒತ್ತಿಕೊಂಡು ಮುಮ್ಮೂಲೆ ಅರದಿಂದ ಆ ಚುಕ್ಕೆಗಳ ಮೇಲೆ ಎರಡೆರಡು ಸಲ ಎಳೆದರು. ಮತ್ತೆ ಹೊಗೆ, ಮತ್ತೆ ಬೀಗ, ಮತ್ತೆ ಚುಕ್ಕೆ. ಚುಕ್ಕೆ ಬೀಳುವುದು ನಿಂತ ಕಡೆ ಅರ ಮುಟ್ಟಿಸುತ್ತಿರಲಿಲ್ಲ. ಒಂದು ಎಳೆತ ಹೆಚ್ಚಾದರೆ ಆ ಬ್ಲ್ಯಾಂಕ್ ಗುಜರಿಗೇ. ಮುಕ್ಕಾಲು ಗಂಟೆಯಲ್ಲಿ ಎಡಬಾಗಿಲು ತೆರೆಯಿತು, ಆಮೇಲೆ ಬಲಬಾಗಿಲು, ಆಮೇಲೆ ಇಗ್ನಿಷನ್. ನಾನು ಕೀ ತೆಗೆದುಕೊಂಡು ವರ್ನಿಯರಿನಲ್ಲಿ ಅಳೆದೆ. ಯಾವ ಪರೀಕ್ಷಕರೂ ಅದಕ್ಕೆ ಒಂದು ಅಂಕವನ್ನೂ ಕಳೆಯಲಾರರು.

ಕೆಲಸ ಮುಗಿದ ಮೇಲೆ ಅವರು ಜೇಬಿನಿಂದ ಉದ್ದನೆಯ ನೋಟ್‌ಬುಕ್ ತೆಗೆದರು. ಆರ್‌ಸಿ ನೋಡಿ ಗಾಡಿ ನಂಬರ್ ಬರೆದುಕೊಂಡರು, ತಾರೀಖು ಹಾಕಿದರು, ನನ್ನ ಸಹಿ ಹಾಕಿಸಿಕೊಂಡರು. ಅರ್ಧ ಊರಿನ ಬೀಗ ತೆಗೆಯಬಲ್ಲ ಮನುಷ್ಯ, ಓದು ಬರಹ ಅಷ್ಟಕ್ಕಷ್ಟೆ. ತನ್ನ ಮೇಲೆ ತಾನೇ ಒಂದು ಕಾನೂನು ಮಾಡಿಕೊಂಡಿದ್ದರು.

ಆ ಹೊತ್ತಿಗಾಗಲೇ ಯುರೋಪಿನಲ್ಲಿ ಕೀಯ ಹಣೆಬರಹ ಬದಲಾಗಿತ್ತು. ಹಲ್ಲು ನೋಡಿ ನಂಬುವುದು ಸಾಲದು ಎಂದು ಕಂಪನಿಗಳು ಬಹಳ ಮೊದಲೇ ತೀರ್ಮಾನಿಸಿದ್ದವು. 1986ರಲ್ಲಿ ಜನರಲ್ ಮೋಟರ್ಸ್ ತನ್ನ ಕಾರ್ವೆಟ್ ಕಾರಿನ ಕೀ ಮೇಲೆ ಒಂದು ಸಣ್ಣ ರೆಸಿಸ್ಟರ್ ಕೂರಿಸಿತು. ಅದಕ್ಕೆ ಹದಿನೈದು ಬೇರೆ ಬೇರೆ ಮೌಲ್ಯಗಳು. ನಿಮ್ಮ ಕಾರಿಗೆ ಗೊತ್ತುಮಾಡಿದ ಮೌಲ್ಯವೇ ಇರದಿದ್ದರೆ ಎಂಜಿನ್ ಹೊತ್ತದು. ತೊಂಬತ್ತರ ದಶಕದ ಮೊದಲಲ್ಲಿ ಜರ್ಮನಿಯಲ್ಲಿ ಕಾರು ಕಳವು ವಿಪರೀತವಾಗಿ, ಇನ್ಶೂರೆನ್ಸ್ ಕಂಪನಿಗಳು ಕಾರು ತಯಾರಕರ ಮೇಲೆ ಬಿದ್ದವು. ಯುರೋಪಿನ ಒಕ್ಕೂಟ 1995ರಲ್ಲಿ ನಿಯಮ ಮಾಡಿ, 1998ರ ಅಕ್ಟೋಬರಿನಿಂದ ಹೊಸ ಕಾರುಗಳಲ್ಲಿ ಇಮೊಬಿಲೈಸರ್, ಅಂದರೆ ತನ್ನ ಕೀ ಅಲ್ಲದಿದ್ದರೆ ಎಂಜಿನ್ನನ್ನು ತಡೆಯುವ ಸಾಧನ, ಕಡ್ಡಾಯ ಮಾಡಿತು. ನಮ್ಮ ಸಾಮಾನ್ಯರ ಕಾರುಗಳಿಗೆ ಅದು ಹೆಚ್ಚಾಗಿ ಬಂದದ್ದು 2000ರ ದಶಕದ ಮಧ್ಯದಲ್ಲಿ. ಮಾರುತಿಯವರು ಅದನ್ನು ಐಕ್ಯಾಟ್ಸ್ ಎಂದು ಕರೆದರು.

ಅದರ ತತ್ವ ಟ್ರಾನ್ಸ್‌ಫಾರ್ಮರಿನದೇ. ಕೀಯ ಕಪ್ಪು ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಪ್. ಅದಕ್ಕೆ ಬ್ಯಾಟರಿ ಇಲ್ಲ. ಇಗ್ನಿಷನ್ ಬಾಯಿಯ ಸುತ್ತ ತಂತಿಯ ಸುರುಳಿ ಇರುತ್ತದೆ. ಕೀ ತಿರುಗಿಸಿದಾಗ ಆ ಸುರುಳಿ 125 ಕಿಲೋಹರ್ಟ್ಸ್ ಸುಮಾರಿನಲ್ಲಿ ಮಿಡಿಯುತ್ತದೆ, ಮಿಡಿತದಿಂದಲೇ ಚಿಪ್ಪಿಗೆ ಶಕ್ತಿ ಸಿಗುತ್ತದೆ, ಚಿಪ್ ತನ್ನ ಗುರುತು ಹೇಳುತ್ತದೆ. ಗುರುತು ಕೂಡಿದರೆ ಎಂಜಿನ್. ಇಲ್ಲವಾದರೆ ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತದೆ, ಅಷ್ಟೆ. ಭಾಯ್ ಎಷ್ಟೇ ಚೆಂದ ಹಲ್ಲು ಕೊರೆದರೂ ಬಾಗಿಲು ತೆರೆಯಬಹುದೇ ಹೊರತು ಗಾಡಿ ಹೊರಡದು.

ಕಳ್ಳರನ್ನು ತಡೆಯಲು ಇದು ಒಳ್ಳೆಯದೇ, ನಾನು ಅದರ ವಿರೋಧಿಯಲ್ಲ. ಆದರೆ ಬೀಗವೇ ಹೊತ್ತಿದ್ದ ಗುಟ್ಟು ಈಗ ಒಂದು ಅಂಕೆಯಾಗಿ ಕಂಪನಿಯ ಕಂಪ್ಯೂಟರಿಗೆ ಹೋಯಿತು. ನಂಜನಗೂಡಿನಲ್ಲಿ ಒದ್ದೆಬಟ್ಟೆಯಲ್ಲಿ ನಿಂತಾಗ ನನಗೆ ತಾಗಿದ್ದು ಅದು.

ಹೂವಿನಂಗಡಿಯ ತಾಯಿಯೊಬ್ಬರು ಟವೆಲು ಕೊಟ್ಟರು, ನನ್ನ ಹೆಂಡತಿಗೆ ಉಡಲು ತಮ್ಮದೊಂದು ಸೀರೆ ಕೊಟ್ಟರು, ಫೋನನ್ನೂ ಕೊಟ್ಟರು. ಮೈಸೂರಿನಲ್ಲಿದ್ದ ಮಗಳು ಒಂದು ಸರ್ವಿಸ್ ಸೆಂಟರಿಗೆ ಕೇಳಿದಳು. ಕಾರನ್ನು ಎಳೆಸಿಕೊಂಡು ಬರಬೇಕು. ಒಂದೂ ಕೀ ಇಲ್ಲವಾದ್ದರಿಂದ ಬೀಗಗಳ ಇಡೀ ಸೆಟ್ಟು, ಜೊತೆಗೆ ಕಂಟ್ರೋಲ್ ಬಾಕ್ಸ್ ಬದಲಾಯಿಸಬೇಕು. ಹದಿನೆಂಟು ಸಾವಿರದ ಮೇಲಾಗುತ್ತದೆ, ಸಾಮಾನು ಬರಲು ಮೂರು ವಾರ. ಕಾರಿನ ಜೊತೆ ಬಂದ ಕೀ ನಂಬರಿನ ಬಿಲ್ಲೆ ಇದೆಯೇ ಅಂತ ಕೇಳಿದರಂತೆ. ಅದು ನನ್ನ ಕೈಗೆ ಬಂದೇ ಇರಲಿಲ್ಲ. “ಚಿಕ್ಕ ಗಡಿಯಾರದ ಹತ್ರ ಹೋಗಮ್ಮ, ಭಾಯ್ ಇದ್ದಾರಾ ನೋಡು” ಅಂದೆ.

ಭಾಯ್ ಇರಲಿಲ್ಲ, ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಕೊಡೆಯೂ ಇರಲಿಲ್ಲ. ಪಕ್ಕದ ಗಲ್ಲಿಯಲ್ಲಿ ಅವರ ಮಗನ ಅಂಗಡಿ ಇತ್ತು. ಆ ಹುಡುಗ ಮೊದಲು ಮಗಳಿಂದ ಆರ್‌ಸಿ, ಇನ್ಶೂರೆನ್ಸ್, ನನ್ನ ಆಧಾರಿನ ನಕಲು ತರಿಸಿಕೊಂಡ. ಆಮೇಲೆ ಸ್ಕೂಟರ್ ಹತ್ತಿ ಇಪ್ಪತ್ತಮೂರು ಕಿಲೋಮೀಟರ್ ಬಂದ. ಬಂದವನು ಕಾರಿಗೆ ಒಂದು ಸುತ್ತು ಹಾಕಿ ಸೀದಾ ಎಡಬಾಗಿಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ.

“ಈ ಕಡೆ ಬೀಗ ಯಾರೂ ಮುಟ್ಟಿರಲ್ಲ ಅಂಕಲ್. ನಮ್ಮಪ್ಪ ಹೇಳ್ಕೊಟ್ಟಿದ್ದು.”

ಅವನ ಕೈಯಲ್ಲಿ ಮೇಣದಬತ್ತಿ ಇರಲಿಲ್ಲ. ಲಿಶಿ ಅನ್ನುವ ಚಪ್ಪಟೆ ಉಪಕರಣ ಇತ್ತು, ಚೀನಾದ್ದು. ಅದನ್ನು ಕೀಯಂತೆ ಒಳಗೆ ತೂರಿಸಿದರೆ ಸೂಜಿಯಂಥ ಮೊನೆ ಒಂದೊಂದೇ ಬಿಲ್ಲೆಯನ್ನು ಮುಟ್ಟುತ್ತದೆ. ಹೊರಗಿನ ಮುಖದ ಮೇಲೆ ಕೆತ್ತಿದ ಗೆರೆಗಳಲ್ಲಿ ಅದರ ಆಳ ಎಷ್ಟೆಂದು ಓದಬಹುದು. ಓದುವುದು ಸುಲಭವಲ್ಲ. ಬಿಲ್ಲೆ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂಬುದು ಬೆರಳ ತುದಿಗೇ ಗೊತ್ತಾಗಬೇಕು. ಅವನು ಕಣ್ಣು ಮುಚ್ಚಿಕೊಂಡು ಮುಟ್ಟುತ್ತಿದ್ದ. ಮೂರು, ಒಂದು, ಎರಡು, ಎರಡು ಎಂದು ಹೇಳಿದ್ದನ್ನು ನಾನು ಹೂವಿನ ಪೊಟ್ಟಣದ ಕಾಗದದ ಮೇಲೆ ಬರೆದುಕೊಂಡೆ. ಬ್ಯಾಟರಿಯ ಸಣ್ಣ ಯಂತ್ರ ಆ ಅಂಕೆಗಳಿಗೆ ತಕ್ಕ ಹಾಗೆ ಕೀ ಕತ್ತರಿಸಿತು. ಮೊದಲ ಸಲಕ್ಕೇ ಬಾಗಿಲು ತೆರೆಯಿತು. ನನ್ನ ಹೆಂಡತಿ ಮಾತ್ರೆ ನುಂಗಿದಳು.

ಆಮೇಲೆ ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಟ್ಯಾಬ್ ಸಿಕ್ಕಿಸಿ ಅರ್ಧ ಗಂಟೆ ಕೂತ. 46, 48 ಅಂತ ಕೀ ಮಾಡುವವರು ಚಿಪ್ಪುಗಳನ್ನು ನಂಬರಿನಿಂದಲೇ ಕರೆಯುತ್ತಾರೆ, ಬಟ್ಟೆ ಅಂಗಡಿಯವರು ನೂಲನ್ನು ಕರೆದ ಹಾಗೆ. ಈ ಚಿಪ್ಪುಗಳ ಗುಟ್ಟು ರಟ್ಟಾದ ಕಥೆಯೂ ಇದೆ. 48ನೆಯದರ ದೌರ್ಬಲ್ಯವನ್ನು ನೆದರ್‌ಲೆಂಡ್ಸ್ ಮತ್ತು ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಸಂಶೋಧಕರು ಕಂಡುಹಿಡಿದಾಗ, 2013ರಲ್ಲಿ ಲಂಡನ್ನಿನ ಹೈಕೋರ್ಟು ಅದರ ಪ್ರಕಟಣೆಗೆ ತಡೆ ಹಾಕಿತು. ಪ್ರಬಂಧ ಹೊರಬಂದದ್ದು 2015ರಲ್ಲಿ. ಅಂಥ ಗುಟ್ಟನ್ನು ಕಂಪನಿ ಎಷ್ಟು ಕಾಪಾಡಿದರೂ ಒಂದಲ್ಲ ಒಂದು ದಿನ ಅದು ಹೊರಗೆ ಬಂದೇ ಬರುತ್ತದೆ. ಕಾರಿನ ಯಜಮಾನನಿಗೆ ಮಾತ್ರ ಕೊನೆಯವರೆಗೂ ತಿಳಿಯುವುದಿಲ್ಲ.

ಟ್ಯಾಬಿನ ಮೇಲೆ ಆರು ಅಂಕಿ ಮೂಡಿತು. ನನ್ನ ಕಾರಿನ ಅಂಕೆ. ಹುಡುಗ ಅದನ್ನು ಹೊಸ ಚಿಪ್ಪನ್ನು ಕಾರಿಗೆ ಪರಿಚಯಿಸಲು ಬಳಸಿ, ಆಮೇಲೆ ಅದೇ ಹೂವಿನ ಕಾಗದದ ಮೇಲೆ ಬರೆದು ನನ್ನ ಕೈಗೆ ಕೊಟ್ಟ. “ಇದು ನಿಮ್ದು ಅಂಕಲ್, ಜೋಪಾನವಾಗಿ ಇಟ್ಕೊಳ್ಳಿ.” ಐದು ವರ್ಷ ಆ ಕಾರಿಗೆ ತೆರಿಗೆ, ವಿಮೆ, ಪೆಟ್ರೋಲು ಎಲ್ಲ ತುಂಬಿದವನು ನಾನು. ಆ ಆರು ಅಂಕಿಯನ್ನು ಅದುವರೆಗೆ ಯಾರೂ ನನಗೆ ಕೊಟ್ಟಿರಲಿಲ್ಲ.

ಇನ್ನೊಂದು ವಿಷಯವನ್ನೂ ಹೇಳಿದ. ಹೊಸ ಕೀ ಸೇರಿಸುವಾಗ ಹಳೆಯ ಚಿಪ್ಪುಗಳ ಗುರುತನ್ನು ಕಾರಿನಿಂದ ಅಳಿಸಿದ್ದಾನೆ. ಕಪಿಲೆಯ ತಳದಲ್ಲಿರುವ ಕೀ ಯಾರಿಗಾದರೂ ಸಿಕ್ಕರೆ ಬಾಗಿಲು ತೆರೆದೀತು, ಎಂಜಿನ್ ಏಳದು. ಹಳೇ ಮಾಲೀಕರ ಮನೆಯಲ್ಲಿ ಎಲ್ಲೋ ಇರುವ ಕೀಗೂ ಅಷ್ಟೇ. ಕಾರು ಪೂರ್ತಿಯಾಗಿ ನನ್ನದಾದದ್ದು ಅವತ್ತು. ಆ ಕೀಗೆ ಮೂರೂವರೆ ಸಾವಿರ ತೆಗೆದುಕೊಂಡ. ಜೊತೆಗೊಂದು ಎರಡನೇ ಕೀಗೆ ಸಾವಿರದ ಇನ್ನೂರು.

ಹಳೇ ಕಾರು ಕೊಳ್ಳುವವರು ಟೈರು ಒದ್ದು ನೋಡುತ್ತಾರೆ, ಎಂಜಿನ್ ಆಯಿಲ್ ಮೂಸುತ್ತಾರೆ. ಎರಡನೇ ಕೀ ಕೇಳುವವರು ಕಡಿಮೆ. ದಯವಿಟ್ಟು ಕೇಳಿ, ಕೀ ನಂಬರಿನ ಬಿಲ್ಲೆಯನ್ನೂ ಕೇಳಿ. ಕಾರು ಕಳುವಾದರೆ ವಿಮೆ ಕಂಪನಿಯವರು ಎರಡೂ ಕೀ ತನ್ನಿ ಅನ್ನುತ್ತಾರೆ. ಇದು ಕೊಳ್ಳುವವರ ಕೈಯಲ್ಲಿರುವ ಮಾತು. ಕಂಪನಿಯೇ ದೇಶ ಬಿಟ್ಟು ಹೋದರೆ? ಡೇವೂ ಹೋಯಿತು. ಜನರಲ್ ಮೋಟರ್ಸ್ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿನ ಕಾರ್ಖಾನೆಗಳನ್ನು ಮುಚ್ಚುವುದಾಗಿ ಸಾರಿತು. ಆ ಕಾರುಗಳು ಮೈಸೂರಿನ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ, ಅವುಗಳ ಕೀಗಳೂ ಕಳೆಯುತ್ತವೆ. ಅಮೆರಿಕದಲ್ಲಿ ಹಿನ್ನೆಲೆ ಪರಿಶೀಲಿಸಿ ನೋಂದಾಯಿಸಿಕೊಂಡ ಬೀಗದ ಕೆಲಸಗಾರರಿಗೆ ಕಾರು ಕಂಪನಿಗಳು ಕೀ ಅಂಕೆ ಕೊಡುವ ಏರ್ಪಾಡು ಇದೆ. ನಮ್ಮ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಜಾಲತಾಣ ತೆರೆದು ಅದರಲ್ಲಿ ವಾಹನಗಳನ್ನೂ ಸೇರಿಸಿತು. ಕಾರು ಕೈಬದಲಾಗಿ ಆರ್‌ಸಿ ಹೊಸ ಹೆಸರಿಗೆ ಬರುವಾಗ, ಆ ಅಂಕೆಯೂ ಹೊಸ ಮಾಲೀಕನ ಕೈ ಸೇರಬೇಕು. ಅಮೆರಿಕದಲ್ಲಿರುವಂಥ ನೋಂದಣಿ ಇಲ್ಲೂ ಬರಬೇಕು, ಅದರ ಮೊದಲ ಸಾಲಿನಲ್ಲಿ ಚಿಕ್ಕ ಗಡಿಯಾರದ ಹುಡುಗನಂಥವರ ಹೆಸರು ಇರಬೇಕು.

ಆ ವಾರದ ಕೊನೆಗೆ ಸೀರೆ ಹಿಂದಿರುಗಿಸಲು ನಂಜನಗೂಡಿಗೆ ಹೋಗಿಬಂದು, ಸಂಜೆ ಎರಡನೇ ಕೀ ತರಲು ಅಂಗಡಿಗೆ ಹೋದೆ. ಹುಡುಗ ನೋಟ್‌ಬುಕ್ ಮುಂದಿಟ್ಟ. ಗಾಡಿ ನಂಬರ್, ತಾರೀಖು, ಸಹಿ, ಅದೇ ಕ್ರಮ. ನಿಮ್ಮ ತಂದೆಯೂ ಹೀಗೇ ಬರೆಸಿಕೊಳ್ಳುತ್ತಿದ್ದರು ಅಂದೆ. ಅವನು ಒಳಗೆ ಹೋಗಿ ಮರದ ಪೆಟ್ಟಿಗೆ ತಂದ. ಕೊಡೆಯ ಕೆಳಗೆ ಇರುತ್ತಿದ್ದ ಅದೇ ಪೆಟ್ಟಿಗೆ. ಪೊಲೀಸರು ಯಾವಾಗ ಬೇಕಾದರೂ ಕೇಳಬಹುದು ಅಂತ ಅಪ್ಪ ಒಂದನ್ನೂ ಬಿಸಾಡಿರಲಿಲ್ಲವಂತೆ. 1999 ಎಂದು ಬರೆದ ರಟ್ಟಿನ ನೋಟ್‌ಬುಕ್ಕನ್ನು ಇಬ್ಬರೂ ಸೇರಿ ತಿರುವಿದೆವು. ಮಳೆಗೆ ಶಾಯಿ ಅಲ್ಲಲ್ಲಿ ಕದಡಿತ್ತು. ಜುಲೈ ಪುಟದ ನಡುವೆ ಕೆಎ 09ರಿಂದ ಶುರುವಾಗುವ ನನ್ನ ಮಾರುತಿಯ ನಂಬರ್ ಸಿಕ್ಕಿತು, ಅದರ ಮುಂದೆ ನನ್ನ ಸಹಿ. ಸಹಿಯ ಪಕ್ಕದಲ್ಲಿ, ಅವತ್ತು ನಾನು ನೋಡದೆ ಇದ್ದ ಒಂದು ಪದವನ್ನು ಭಾಯ್ ವಕ್ರ ಅಕ್ಷರದಲ್ಲಿ ಬರೆದುಕೊಂಡಿದ್ದರು: ಮೇಷ್ಟ್ರು.

ಹುಡುಗ ತನ್ನ ಹೊಸ ನೋಟ್‌ಬುಕ್ಕಿನಲ್ಲೂ ನನ್ನ ಸಹಿಯ ಪಕ್ಕ ಅದನ್ನೇ ಬರೆದ. ಆಮೇಲೆ ಎರಡನೇ ಕೀಯನ್ನು ಅರದಿಂದ ಒಮ್ಮೆ ಸವರಿ, ಅಂಚಿನ ಒರಟು ತೆಗೆದು, ಅಂಗಿಗೆ ಒರೆಸಿ ಕೊಟ್ಟ.